ಗುರುತು ಕದಲಿರಲಿಲ್ಲ, ಕಾರು ಮಾತ್ರ ಎಳೆಯುತ್ತಿರಲಿಲ್ಲ: 1990ರ ಮಿಯಾಟಾ ಒಂದರ ರಿಪೇರಿ ಕಥೆ

ಹೋದ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಬೆಳಗ್ಗೆ ಗೆಳೆಯನ ಫೋನ್ ಬಂತು. "ಗುರು, ಗಾಡಿ ಎಳೀತಿಲ್ಲ. ಮೂರನೇ ಗೇರಲ್ಲಿ ಪೂರ್ತಿ ಒತ್ತಿದ್ರೂ ಸುಮ್ನೆ ಸದ್ದು ಮಾಡುತ್ತೆ ಅಷ್ಟೇ. ಚಳಿಗಾಲಕ್ಕೆ ಮುಚ್ಚಿಡೋಕೆ ಮುಂಚೆ ಒಂದ್ಸಲ ನೋಡ್ತೀಯಾ?"

ಅವನು ಮಂಡ್ಯದವನು, ನಾನು ಮೈಸೂರಿನವನು. ಇಬ್ಬರೂ ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ ಪಕ್ಕದಲ್ಲಿ ಇದ್ದೇವೆ. ಗಾಡಿ ಅಂದರೆ 1990ರ ಮಾಡೆಲ್ ಮಜ್ದಾ ಎಂಎಕ್ಸ್-5. ಇಲ್ಲಿ ಎಲ್ಲರೂ ಮಿಯಾಟಾ ಅನ್ನುತ್ತಾರೆ. ಓಡಿರುವುದು 1,18,000 ಮೈಲಿ. ಎರಡು ವರ್ಷದ ಹಿಂದೆ ಅವನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದ.

ಈ ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಇದನ್ನು ಮೊದಲು ತೋರಿಸಿದರು. ಎರಡೇ ಸೀಟು, ತೆಗೆದು ಮಡಚುವ ಬಟ್ಟೆಯ ಮಾಡು, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೇ ಕಾರು ತಯಾರಾಯಿತು. ಮಾಡು ತೆಗೆಯಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ. ಮೊದಲ ಪೀಳಿಗೆಯ ಎಂಜಿನ್ 1598 ಸಿಸಿ, ಅಮೆರಿಕದ ಕಾರಿನಲ್ಲಿ 116 ಹಾರ್ಸ್ ಪವರ್. ಇವತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಕಾರಿನ ತೂಕ ಒಂದು ಟನ್ನೂ ಇಲ್ಲ, ಅದಕ್ಕೇ ಓಡಿಸಲು ಅಷ್ಟು ಸೊಗಸು. ಇರುವುದೇ ಸ್ವಲ್ಪವಾದ್ದರಿಂದ ಅದರಲ್ಲಿ ಹತ್ತು ಹಾರ್ಸ್ ಪವರ್ ಕಾಣೆಯಾದರೂ ಕಾಲಿಗೆ ತಕ್ಷಣ ಗೊತ್ತಾಗುತ್ತದೆ.

ಗೆಳೆಯ ಹೇಳಿದ ಲಕ್ಷಣಗಳು ಇವು. 4000 ಆರ್‌ಪಿಎಂ ದಾಟಿದ ಮೇಲೆ ಎಳೆತ ಇಲ್ಲ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, ಎಂಜಿನ್ ಸಣ್ಣಗೆ ನಡುಗುತ್ತದೆ. ಮೇಲಿಂದ ಟಿಕ್ ಟಿಕ್ ಸದ್ದು. ಜೂನ್‌ನಲ್ಲಿ ಅವನೇ ಇಗ್ನಿಷನ್ ಟೈಮಿಂಗನ್ನು, ಅಂದರೆ ಪಿಸ್ಟನ್ ತುದಿ ಮುಟ್ಟಲು ಎಷ್ಟು ಡಿಗ್ರಿ ಮುಂಚೆ ಸ್ಪಾರ್ಕ್ ಬೀಳಬೇಕು ಅನ್ನುವುದನ್ನು, 10 ಡಿಗ್ರಿಯಿಂದ 14ಕ್ಕೆ ಮುಂದೆ ಸರಿಸಿದ್ದ. ಈ ಕಾರಿಟ್ಟವರು ತುಂಬಾ ಜನ ಹಾಗೆ ಮಾಡುತ್ತಾರೆ. ಆಗ ಗಾಡಿ ಚೆನ್ನಾಗಿ ಓಡಿತ್ತು. ಎರಡು ತಿಂಗಳಲ್ಲಿ ಮತ್ತೆ ಮೊದಲಿನ ಹಾಗೇ ಆಯಿತು. ಸ್ಪಾರ್ಕ್ ಜೊತೆ ಮಿನುಗುವ ಟೈಮಿಂಗ್ ಲೈಟನ್ನು ಎಂಜಿನ್ ಮುಂದಿನ ಪುಲ್ಲಿಯ ಗುರುತಿನ ಮೇಲೆ ಹಿಡಿದು ನೋಡಿದರೆ ಟೈಮಿಂಗ್ 14ರಲ್ಲೇ ಇದೆ, ಒಂದಿಷ್ಟೂ ಕದಲಿಲ್ಲ.

ಆ ಕೊನೆಯ ಮಾತನ್ನು ನಾನು ಆವತ್ತು ಗಮನ ಕೊಟ್ಟು ಕೇಳಬೇಕಿತ್ತು. ಗುರುತು ಕದಲದೆ ಗಾಡಿ ಹೇಗೆ ಹಿಂದೆ ಬಿತ್ತು ಅನ್ನುವುದೇ ಈ ಇಡೀ ಪ್ರಕರಣದ ಪ್ರಶ್ನೆ.

ನಾನು ಹೋಗುವಷ್ಟರಲ್ಲಿ ಅವನು ಸ್ಪಾರ್ಕ್ ಪ್ಲಗ್, ಪ್ಲಗ್ ವೈರ್, ಫ್ಯೂಯೆಲ್ ಫಿಲ್ಟರ್ ಎಲ್ಲ ಹೊಸದು ಹಾಕಿದ್ದ. ಸೆಕೆಂಡ್ ಹ್ಯಾಂಡ್ ಏರ್ ಫ್ಲೋ ಮೀಟರ್ ಕೂಡ ತಂದು ಬದಲಾಯಿಸಿ ನೋಡಿದ್ದ. ಒಂದರಿಂದಲೂ ವ್ಯತ್ಯಾಸ ಆಗಿರಲಿಲ್ಲ. ಟಿಕ್ ಟಿಕ್ ಸದ್ದು ಬೇರೆಯದೇ ವಿಷಯ. ಈ ಎಂಜಿನ್ನಿನಲ್ಲಿ ವಾಲ್ವ್ ಮೇಲೆ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಲಿಫ್ಟರ್‌ಗಳಿವೆ. ಎಣ್ಣೆ ಹಳೆಯದಾದರೆ ಹೀಗೆ ಸದ್ದು ಮಾಡುತ್ತವೆ. ಆಯಿಲ್ ಬದಲಿಸಿದ ಮೇಲೆ ಅದು ಕಡಿಮೆಯಾಯಿತು. ಅದನ್ನು ಅಲ್ಲಿಗೇ ಬಿಟ್ಟೆವು.

ಮೊದಲ ದಿನದ ಅಳತೆಗಳು

ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವ ಬಲ, ನೋಡಿದೆವು. 165, 166, 164, 165 ಪಿಎಸ್‌ಐ. ಹೊಸ ಎಂಜಿನ್ನಿಗೆ ಪುಸ್ತಕ ಹೇಳುವುದು 192. ಇಷ್ಟು ಓಡಿದ ಎಂಜಿನ್ನಿನಲ್ಲಿ 175, 180 ಬಂದರೆ ಖುಷಿಪಡಬಹುದು. 165 ಕೆಟ್ಟದ್ದೇನಲ್ಲ. ನನ್ನ ತಲೆಯಲ್ಲಿ ಕೂತದ್ದು ನಾಲ್ಕೂ ಒಂದೇ ಥರ ಇದ್ದದ್ದು. ರಿಂಗ್ ಸವೆದರೆ, ವಾಲ್ವ್ ಸುಟ್ಟರೆ, ಗ್ಯಾಸ್ಕೆಟ್ ಹೋದರೆ ಒಂದೋ ಎರಡೋ ಸಿಲಿಂಡರ್ ಬೀಳುತ್ತದೆ. ನಾಲ್ಕೂ ಕೈಹಿಡಿದುಕೊಂಡು ಒಟ್ಟಿಗೆ ಇಳಿಯುವುದು ಅಪರೂಪ.

ಆಮೇಲೆ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿದೆ. ಇದು ಅಗ್ಗದ ಉಪಕರಣ. ಈಗಿನವರು ಮುಟ್ಟುವುದೇ ಕಡಿಮೆ, ಆದರೆ ಹಳೆಯ ಎಂಜಿನ್ನಿನ ವಿಷಯದಲ್ಲಿ ಇದರಷ್ಟು ಬಾಯಿಬಿಟ್ಟು ಹೇಳುವ ವಸ್ತು ಇನ್ನೊಂದಿಲ್ಲ. ಐಡಲ್‌ನಲ್ಲಿ ಮುಳ್ಳು 16 ಇಂಚಿನಲ್ಲಿ (ಪಾದರಸದ ಲೆಕ್ಕ) ನಿಂತಿತು. 18ರಿಂದ 20 ಇರಬೇಕು. ಮುಳ್ಳು ಬಡಿದುಕೊಳ್ಳಲಿಲ್ಲ, ಸುಮ್ಮನೆ ಕೆಳಗೆ ನಿಂತಿತ್ತು. ಸೈಲೆನ್ಸರ್ ಕಡೆ ಕಟ್ಟಿಕೊಂಡಿದೆಯೇನೋ ಅಂತ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ನೋಡಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಮುಚ್ಚಿಹೋಗಿದ್ದರೆ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋಗಬೇಕು. ಇಳಿಯಲಿಲ್ಲ.

ನಾಲ್ಕೂ ಸಿಲಿಂಡರ್ ಸಮವಾಗಿ ಕಡಿಮೆ, ವ್ಯಾಕ್ಯೂಮ್ ಕಡಿಮೆ ಆದರೂ ಸ್ಥಿರ. ಎರಡನ್ನೂ ಒಟ್ಟಿಗೆ ಇಟ್ಟರೆ ಸಿಗುವ ಉತ್ತರ ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತಿವೆ ಅಂತ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ಪಿಸ್ಟನ್ ಮೇಲೆ ಬರುವಾಗ ಒಳಗಿನ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ, ಕಂಪ್ರೆಷನ್ ಇಳಿಯುತ್ತದೆ. ನಮ್ಮೂರ ಗ್ಯಾರೇಜ್ ಭಾಷೆಯಲ್ಲಿ ಹೇಳುವುದಾದರೆ ಟೈಮಿಂಗ್ ಔಟ್.

ಸರಿ, ಕ್ರ್ಯಾಂಕ್‌ನಿಂದ (ಪಿಸ್ಟನ್‌ಗಳು ತಿರುಗಿಸುವ ದಂಡ) ಕ್ಯಾಮ್‌ಗಳನ್ನು (ವಾಲ್ವ್ ತೆರೆಯುವ ದಂಡಗಳು) ತಿರುಗಿಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಹಾರಿರಬೇಕು ಅಂದುಕೊಂಡು ವಾಲ್ವ್ ಕವರ್, ಬೆಲ್ಟಿನ ಮೇಲಿನ ಕವರ್ ಬಿಚ್ಚಿದೆವು. ಕ್ರ್ಯಾಂಕ್ ಪುಲ್ಲಿಯ ಗುರುತನ್ನು ಸೊನ್ನೆಗೆ ತಂದೆವು. ಕ್ಯಾಮ್ ಚಕ್ರಗಳ ಮೇಲೆ ಇನ್‌ಟೇಕ್‌ಗೆ 'ಐ', ಎಕ್ಸಾಸ್ಟ್‌ಗೆ 'ಇ' ಅಂತ ಅಚ್ಚು ಹಾಕಿರುತ್ತಾರೆ. ಎರಡೂ ಹಿಂದಿನ ತಗಡಿನ ಗುರುತಿಗೆ ನೇರ ಬಂದು ನಿಂತವು. ಐಗೂ ಇಗೂ ನಡುವೆ ಬೆಲ್ಟಿನ 19 ಹಲ್ಲು ಇರಬೇಕು. ಎರಡು ಸಲ ಎಣಿಸಿದೆ. ಹತ್ತೊಂಬತ್ತೇ.

ಇಲ್ಲೇ ನಾವು ದಾರಿ ತಪ್ಪಿದ್ದು. ಎಲ್ಲ ಗುರುತೂ ಸರಿ ಇದೆ ಅಂದಮೇಲೆ ಟೈಮಿಂಗ್ ಸರಿ ಇದೆ ಅಂತ ನಂಬಿಬಿಟ್ಟೆವು. ಮುಂದಿನ ಒಂದು ವಾರ ಇಂಜೆಕ್ಟರ್, ವ್ಯಾಕ್ಯೂಮ್ ಪೈಪ್, ಥ್ರಾಟಲ್ ಸ್ವಿಚ್ ಅಂತ ಬೇರೆ ಬೇರೆ ಕಡೆ ಕೈಯಾಡಿಸಿದೆವು.

ಒಂಟಿಕೊಪ್ಪಲ್ಲಿನ ಸೈಕಲ್ ಕಡ್ಡಿ

ಮೈಸೂರಿನವರಿಗೆ ಯೆಜ್ದಿ ಬೈಕ್ ಗೊತ್ತೇ ಇರುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಆದರೆ ಬೈಕುಗಳು ಬೀದಿಯಲ್ಲಿ ಉಳಿದವು. ಕಾಲೇಜಿನ ದಿನಗಳಲ್ಲಿ ಒಂಟಿಕೊಪ್ಪಲ್ ಕಡೆ ಒಬ್ಬ ಮೇಸ್ತ್ರಿಯ ಗ್ಯಾರೇಜಿನಲ್ಲಿ ನಾನು ಸಂಜೆ ಹೊತ್ತು ಕೂತಿರುತ್ತಿದ್ದೆ. ಅವರು ಟೈಮಿಂಗ್ ಕಟ್ಟುವುದನ್ನು ನೋಡುವುದೇ ಒಂದು ಹಬ್ಬ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸೈಕಲ್ ಚಕ್ರದ ಕಡ್ಡಿ ಇಳಿಬಿಟ್ಟು, ಪಿಸ್ಟನ್ ತಲೆಯ ಮೇಲೆ ಅದನ್ನು ನಿಲ್ಲಿಸುತ್ತಿದ್ದರು. ಪಿಸ್ಟನ್ ತುದಿ ಮುಟ್ಟಲು ಮೂರು ಮಿಲಿಮೀಟರ್ ಚಿಲ್ಲರೆ ಇರುವಾಗ ಸ್ಪಾರ್ಕ್ ಕೊಡುವ ಪಾಯಿಂಟ್ ತೆರೆಯಬೇಕು. ಗುರುತು, ಗಿರುತು ಏನೂ ಇಲ್ಲ. ಒಂದು ದಿನ ನಾನು ಚಕ್ರದ ಮೇಲೆ ಯಾರೋ ಗೀಚಿದ್ದ ಗೆರೆ ತೋರಿಸಿ "ಇದು ಸಾಲಲ್ವಾ ಮೇಸ್ತ್ರಿ?" ಅಂದೆ. "ಅದನ್ನ ಯಾರು ಯಾವಾಗ ಹಾಕಿದ್ರೋ ನಂಗೇನು ಗೊತ್ತಪ್ಪ? ನೀನು ಪಿಸ್ಟನ್ನೇ ಕೇಳು" ಅಂದರು.

ಎರಡನೇ ಶನಿವಾರ, ಗೆಳೆಯನ ಮನೆಯಲ್ಲಿ ಕಾಫಿ ಕುಡಿಯುವಾಗ ಇದು ನೆನಪಾಯಿತು. ನಾವು ಕ್ಯಾಮ್ ಗುರುತನ್ನು ಯಾವುದಕ್ಕೆ ಹೋಲಿಸಿದೆವು? ಪುಲ್ಲಿಯ ಗುರುತಿಗೆ. ಟೈಮಿಂಗ್ ಲೈಟ್ ಏನನ್ನು ನೋಡಿತು? ಅದೇ ಪುಲ್ಲಿಯನ್ನು. ಪಿಸ್ಟನ್ ಎಲ್ಲಿದೆ ಅಂತ ಯಾರೂ ನೋಡಿರಲೇ ಇಲ್ಲ.

ಈ ಎಂಜಿನ್ನಿನಲ್ಲಿ ಪ್ಲಗ್ ಎರಡು ಕ್ಯಾಮ್‌ಗಳ ನಡುವೆ ಆಳದಲ್ಲಿ ಕೂರುತ್ತದೆ. ಹಾಗಾಗಿ ಪೆನ್ಸಿಲ್ ದಪ್ಪದ ಉದ್ದನೆಯ ಮರದ ಕೋಲು ತಂದೆವು. ಸ್ಕ್ರೂಡ್ರೈವರ್ ಇಳಿಬಿಡಬಾರದು, ಓರೆಯಾಗಿ ಸಿಕ್ಕಿಕೊಂಡರೆ ಪಿಸ್ಟನ್ ಗೀರುತ್ತದೆ. ಪ್ರಿಂಟ್ ಮಾಡಿದ ಕಾಗದದ ಡಿಗ್ರಿ ಚಕ್ರವನ್ನು ಪುಲ್ಲಿಗೆ ಅಂಟಿಸಿದೆವು. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ತಿರುಗಿಸಲಿಲ್ಲ. ಆ ಬೋಲ್ಟಿನ ಮೇಲೇ ನನಗೆ ಅನುಮಾನ ಬಂದಿತ್ತು. ನಾಲ್ಕೂ ಪ್ಲಗ್ ಬಿಚ್ಚಿ, ಐದನೇ ಗೇರ್ ಹಾಕಿ, ಗೆಳೆಯ ಕಾರನ್ನು ಇಂಚು ಇಂಚಾಗಿ ಮುಂದಕ್ಕೆ ತಳ್ಳಿದ.

ಪಿಸ್ಟನ್ ತುದಿಯಲ್ಲಿ ಇರುವಾಗ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಕೋಲು ಅಲ್ಲಾಡುವುದಿಲ್ಲ. ಅದಕ್ಕೇ ತುದಿಯನ್ನು ನೇರವಾಗಿ ಹುಡುಕಬಾರದು. ಪಿಸ್ಟನ್ ಏರುವಾಗ ತುದಿಗಿಂತ 10 ಮಿಲಿಮೀಟರ್ ಕೆಳಗೆ ಇರುವಲ್ಲಿ ಕೋಲಿನ ಮೇಲೆ ಒಂದು ಗೆರೆ ಹಾಕಿ, ಡಿಗ್ರಿ ಬರೆದುಕೊಂಡೆವು. ಹಾಗೇ ಮುಂದೆ ತಳ್ಳಿ, ಪಿಸ್ಟನ್ ಇಳಿಯುವಾಗ ಅದೇ ಗೆರೆ ಅದೇ ಜಾಗಕ್ಕೆ ಬಂದಾಗ ಮತ್ತೆ ಡಿಗ್ರಿ ಬರೆದೆವು. ಎರಡರ ಸರಿ ಮಧ್ಯವೇ ನಿಜವಾದ ತುದಿ. ಒಂದೇ ದಿಕ್ಕಿನಲ್ಲಿ ತಿರುಗಿಸಿದರೆ ಸಾಕು, ಬೆಲ್ಟ್ ಸಡಿಲವಾಗುವ ಭಯ ಇಲ್ಲ.

ಮೂರು ಸಲ ಮಾಡಿದೆವು. ಮೂರು ಸಲವೂ ಪಿಸ್ಟನ್ ತುದಿಗೆ ಬಂದಾಗ ಪುಲ್ಲಿಯ ಗುರುತು ಸೊನ್ನೆಗೆ ಬರಲು ಇನ್ನೂ 8 ಡಿಗ್ರಿ ಇತ್ತು.

ಅಂದರೆ ಪುಲ್ಲಿಯೂ, ಅದರ ಹಿಂದೆ ಬೆಲ್ಟ್ ತಿರುಗಿಸುವ ಹಲ್ಲುಚಕ್ರವೂ ಜೊತೆಯಾಗಿ ಕ್ರ್ಯಾಂಕ್‌ನಿಂದ 8 ಡಿಗ್ರಿ ಹಿಂದೆ ಜಾರಿದ್ದವು. ಹಲ್ಲುಚಕ್ರ ಹಿಂದೆ ಬಿದ್ದರೆ ಕ್ಯಾಮ್‌ಗಳು ಹಿಂದೆ. ಈ ಕಾರಿನಲ್ಲಿ ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ಹೇಳುವ ಸೆನ್ಸರ್ ಎಂಜಿನ್ ತಲೆಯ ಹಿಂಭಾಗದಲ್ಲಿ ಕ್ಯಾಮ್‌ಗೇ ಜೋಡಿಸಿರುತ್ತದೆ, ಹಾಗಾಗಿ ಸ್ಪಾರ್ಕ್ ಕೂಡ ಹಿಂದೆ. ಎಲ್ಲ ಒಟ್ಟಿಗೆ ಜಾರಿದ್ದರಿಂದ ಒಂದಕ್ಕೊಂದು ತಾಳೆಯಾಗುತ್ತಿದ್ದವು. ಸಾಕ್ಷಿಗಳೆಲ್ಲ ಒಂದೇ ಮನೆಯವರು. ಜೂನ್‌ನಲ್ಲಿ 14ಕ್ಕೆ ಸರಿಸಿದಾಗ ಗಾಡಿ ಚೆನ್ನಾಗಿ ಓಡಿದ್ದೂ, ಆಮೇಲೆ ಗುರುತು ಕದಲದೆಯೇ ಹಿಂದೆ ಬಿದ್ದದ್ದೂ ಇದರಿಂದಲೇ.

ಈಗ ಟಾರ್ಚ್ ಹಿಡಿದು ಪುಲ್ಲಿಯ ಮುಖ ನೋಡಿದೆವು. ನಡುವೆ ಬೋಲ್ಟಿನ ಸುತ್ತ ನಾಲ್ಕು ಸೀಳು ಕೊರೆದಿತ್ತು. ಈ ಕಾರಿನ ಬಲ್ಲವರಿಗೆ ಆ ನಾಲ್ಕು ಸಾಕು. ಮೊದಮೊದಲ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮುಂದಿನ ಮೂಗು, ಅಂದರೆ ಪುಲ್ಲಿ ಕೂರುವ ತುದಿ, ಗಿಡ್ಡ. 1991ರ ಮಧ್ಯದಲ್ಲಿ ಅದನ್ನು ಉದ್ದ ಮಾಡಿದರು, ಆ ಎಂಜಿನ್‌ಗಳ ಪುಲ್ಲಿಯಲ್ಲಿ ಎಂಟು ಸೀಳು ಇರುತ್ತವೆ. ಎಂಜಿನ್ ಸ್ಟಾರ್ಟ್ ಮಾಡಿ ಪಕ್ಕದಿಂದ ನೋಡಿದರೆ ಪುಲ್ಲಿ ಕೂದಲೆಳೆಯಷ್ಟು ಓಲಾಡುತ್ತಿತ್ತು. ಒಂದು ವಾರ ನಾವು ಅದರ ಮುಂದೆಯೇ ಕೂತಿದ್ದೆವು.

ಕೀ ಯಾಕೆ ಸವೆಯಿತು

ಪುಲ್ಲಿ, ಹಲ್ಲುಚಕ್ರ, ಕ್ರ್ಯಾಂಕ್ ಮೂರರ ನಡುವೆ ಅರ್ಧಚಂದ್ರದ ಆಕಾರದ ಸಣ್ಣ ಕಬ್ಬಿಣದ ಕೀ ಕೂತಿರುತ್ತದೆ. ಆ ಕೀಯೇ ಎಲ್ಲವನ್ನೂ ತಿರುಗಿಸುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕೀಯ ಕೆಲಸ ಜೋಡಿಸುವಾಗ ಸರಿಯಾದ ಜಾಗ ತೋರಿಸುವುದು. ಭಾರ ಹೊರುವುದು ಬೋಲ್ಟ್. ಬೋಲ್ಟ್ ಬಿಗಿಯಾಗಿ ಒತ್ತಿದಾಗ ಮುಖಕ್ಕೆ ಮುಖ ಅಂಟಿಕೊಂಡು, ಆ ಹಿಡಿತದಿಂದಲೇ ಹಲ್ಲುಚಕ್ರ ತಿರುಗುತ್ತದೆ. ಬೋಲ್ಟ್ ಸ್ವಲ್ಪ ಸಡಿಲವಾಯಿತೋ, ಕ್ರ್ಯಾಂಕಿನ ಒಂದೊಂದು ಹೊಡೆತವೂ ಕೀಯ ಮೇಲೆ ಬೀಳುತ್ತದೆ. ಅದು ನಿಮಿಷಕ್ಕೆ ಸಾವಿರಾರು ಸಲ ಆ ಕಡೆ ಈ ಕಡೆ ಕುಟ್ಟಿಸಿಕೊಳ್ಳುತ್ತದೆ. ಗಿಡ್ಡ ಮೂಗಿನಲ್ಲಿ ಹಿಡಿತಕ್ಕೆ ಸಿಗುವ ಜಾಗ ಕಡಿಮೆ, ಆದ್ದರಿಂದ ಅಲ್ಲಿ ಈ ತಪ್ಪಿಗೆ ಕ್ಷಮೆ ಕಡಿಮೆ.

ಬೋಲ್ಟ್ ಯಾಕೆ ಸಡಿಲ ಇತ್ತು? ಟೈಮಿಂಗ್ ಬೆಲ್ಟ್ ಬದಲಿಸಲು ಅದನ್ನು ಬಿಚ್ಚಲೇಬೇಕು. ಹಿಂದಿನ ಮಾಲೀಕರ ಕಾಲದಲ್ಲಿ ಎಲ್ಲೋ ಬೆಲ್ಟ್ ಬದಲಾಗಿತ್ತು. ಹಾಕಿದವರು ಅಂದಾಜಿನಲ್ಲಿ ಬಿಗಿ ಮಾಡಿರಬೇಕು. ಸರ್ವಿಸ್ ಪುಸ್ತಕದಲ್ಲಿ ಈ ಬೋಲ್ಟಿಗೆ ಸುಮಾರು 110 ನ್ಯೂಟನ್ ಮೀಟರ್ ಅಂತ ಇದೆ. ನಾವು ಬಿಚ್ಚಿದಾಗ ಅದರ ಅರ್ಧ ಬಲವೂ ಬೇಕಾಗಲಿಲ್ಲ.

ರೇಡಿಯೇಟರ್ ತೆಗೆದು, ಬೆಲ್ಟುಗಳನ್ನು ಕಳಚಿ, ಬೋಲ್ಟ್ ಬಿಚ್ಚಿದಾಗ ಮೊದಲು ಕಂಡದ್ದು ಕೆಂಪು ಪುಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಂದ ಪುಡಿ ಅದು, ರಾಗಿ ಹಿಟ್ಟಿನಷ್ಟು ನಯ. ಹಲ್ಲುಚಕ್ರ ಬೆರಳಲ್ಲೇ ಹೊರಬಂತು. ಕೀಯ ಒಂದು ಪಕ್ಕದಲ್ಲಿ ಮೆಟ್ಟಿಲು ಬಿದ್ದಿತ್ತು, ಆ ಮೆಟ್ಟಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಹಲ್ಲುಚಕ್ರದಲ್ಲಿ ಕೀ ಕೂರುವ ಸೀಳು ಅಗಲವಾಗಿತ್ತು. ಕ್ರ್ಯಾಂಕಿನ ಸೀಳಿನ ಒಂದು ಗೋಡೆ ಸುಮಾರು ಅರ್ಧ ಮಿಲಿಮೀಟರ್ ತಿಂದುಹೋಗಿತ್ತು. ಮೂರೂ ಸವೆತ ಕೂಡಿದರೆ ಎರಡು ಮಿಲಿಮೀಟರ್ ಹತ್ತಿರ. ಇಷ್ಟು ಸಣ್ಣ ದಂಡದ ಮೇಲೆ ಒಂದು ಮಿಲಿಮೀಟರ್ ಅಂದರೆ ನಾಲ್ಕು ಡಿಗ್ರಿ. ಕೋಲಿನ ಲೆಕ್ಕಕ್ಕೆ ಸರಿಹೋಯಿತು.

ಒಂದು ಸಮಾಧಾನ ಇತ್ತು. ಈ 1.6 ಲೀಟರ್ ಎಂಜಿನ್ನಿನಲ್ಲಿ ಟೈಮಿಂಗ್ ಎಷ್ಟೇ ಹೋದರೂ ಪಿಸ್ಟನ್ ವಾಲ್ವ್‌ಗೆ ತಾಗುವುದಿಲ್ಲ. ಬೇರೆ ಎಷ್ಟೋ ಎಂಜಿನ್‌ಗಳಲ್ಲಿ ಕೀ ಪೂರ್ತಿ ಮುರಿದಿದ್ದರೆ ವಾಲ್ವ್‌ಗಳೆಲ್ಲ ಬಗ್ಗಿಹೋಗುತ್ತಿದ್ದವು.

ಅಂಟಿಸಬೇಕೋ, ಎಂಜಿನ್ ಬಿಚ್ಚಬೇಕೋ

ದಾರಿ ಎರಡು. ಒಂದು, ಎಂಜಿನ್ ಇಳಿಸಿ ಉದ್ದ ಮೂಗಿನ ಕ್ರ್ಯಾಂಕ್ ಹಾಕುವುದು, ಇಲ್ಲ ಅಂಥ ಬೇರೆ ಎಂಜಿನ್ನೇ ತರುವುದು. ಇನ್ನೊಂದು, ಈ ಕಾರಿಟ್ಟವರು ತಾವೇ ಕಂಡುಕೊಂಡ ಉಪಾಯ: ಹೊಸ ಕೀ, ಹೊಸ ಹಲ್ಲುಚಕ್ರ, ಹೊಸ ಬೋಲ್ಟ್ ತಂದು, ಸವೆದ ಸಂದಿಗೆ ಲಾಕ್‌ಟೈಟ್ 660 ತುಂಬುವುದು. ಅದು ಬೆಳ್ಳಿ ಬಣ್ಣದ ಪೇಸ್ಟ್. ಸವೆದ ಶಾಫ್ಟ್‌ಗಳಿಗೆಂದೇ ಇರುವಂಥದ್ದು, ಅರ್ಧ ಮಿಲಿಮೀಟರ್‌ವರೆಗಿನ ಸಂದಿಯನ್ನು ತುಂಬಿ ಗಟ್ಟಿಯಾಗುತ್ತದೆ. ನಮ್ಮ ಕ್ರ್ಯಾಂಕ್ ಆ ಮಿತಿಯ ಅಂಚಿನಲ್ಲಿತ್ತು. ಅದಕ್ಕಿಂತ ಜಾಸ್ತಿ ಸವೆದಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಎಂಜಿನ್ನಿನ ಒಳಗೆ ಉಳಿದದ್ದೆಲ್ಲ ಚೆನ್ನಾಗಿದೆ, ಗೆಳೆಯ ವರ್ಷಕ್ಕೆ ಮೂರು ಸಾವಿರ ಮೈಲಿಯೂ ಓಡಿಸುವುದಿಲ್ಲ. ಅಂಟಿಸೋಣ ಅಂದುಕೊಂಡೆವು.

ಇದು ಆತುರದಲ್ಲಿ ಮಾಡುವ ಕೆಲಸ ಅಲ್ಲ. ಮೊದಲು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್ ಬದಲಿಸಿದೆವು. ಅಂಟಿಸಿದ ಮೇಲೆ ಹಲ್ಲುಚಕ್ರ ಸುಲಭಕ್ಕೆ ಹೊರಬರಲ್ಲ, ಆಮೇಲೆ ಸೀಲ್ ಸೋರಿದರೆ ಒದ್ದಾಟ. ಬ್ರೇಕ್ ಕ್ಲೀನರ್ ಹಾಕಿ ಮೂಗು, ಸೀಳು, ಬೋಲ್ಟಿನ ತೂತು ಎಲ್ಲವನ್ನೂ ಬಿಳಿ ಬಟ್ಟೆಗೆ ಕೊಳೆ ಹತ್ತದ ತನಕ ಒರೆಸಿದೆವು. ಎಣ್ಣೆಯ ಪಸೆ ಇದ್ದರೆ ಅಂಟು ಹಿಡಿಯಲ್ಲ. ಹೊಸ ಕೀಯನ್ನು ಸವೆಯದ ಗೋಡೆಗೆ ಒತ್ತಿ ಕೂರಿಸಿ, ಸವೆದ ಕಡೆಯ ಸಂದಿಗೆ ಪೇಸ್ಟ್ ತುಂಬಿದೆವು. ಮೂಗಿನ ಸುತ್ತ ತೆಳ್ಳಗೆ ಸವರಿದೆವು, ಸೀಲಿನ ತುಟಿಗೆ ತಾಗದ ಹಾಗೆ. ಹಲ್ಲುಚಕ್ರ, ಪುಲ್ಲಿಯ ನಡುಭಾಗ ಹಾಕಿ, ಟಾರ್ಕ್ ರೆಂಚ್‌ನಲ್ಲಿ ಬೋಲ್ಟ್ ಬಿಗಿದೆವು. ಗೆಳೆಯ ಐದನೇ ಗೇರ್‌ನಲ್ಲಿ ಬ್ರೇಕ್ ಒತ್ತಿ ಹಿಡಿದಿದ್ದ. ರೆಂಚ್ ಕ್ಲಿಕ್ ಅಂದಾಗ ಇಬ್ಬರೂ ಒಂದು ಕ್ಷಣ ಮಾತಾಡಲಿಲ್ಲ.

24 ಗಂಟೆ ಒಣಗಲು ಬಿಡಬೇಕು. ನವೆಂಬರ್ ಶುರುವಾಗಿತ್ತು, ಗ್ಯಾರೇಜಿನಲ್ಲಿ ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಚಳಿಯಲ್ಲಿ ಇದು ಗಟ್ಟಿಯಾಗುವುದು ನಿಧಾನ. ಒಂದು ಸಣ್ಣ ಹೀಟರ್ ಹಾಕಿ ಎರಡು ದಿನ ಮುಟ್ಟಲೇ ಇಲ್ಲ.

ಆಮೇಲೆ ಹೊಸ ಟೈಮಿಂಗ್ ಬೆಲ್ಟ್, ಮತ್ತೆ ಐ, ಇ, ಹತ್ತೊಂಬತ್ತು ಹಲ್ಲು. ಲೈಟ್ ಹಿಡಿಯುವ ಮೊದಲೇ ಮರದ ಕೋಲು ಇಳಿಬಿಟ್ಟೆವು. ಪಿಸ್ಟನ್ ತುದಿಯಲ್ಲಿ, ಪುಲ್ಲಿ ಸೊನ್ನೆಯಲ್ಲಿ. ಡಯಾಗ್ನೊಸ್ಟಿಕ್ ಡಬ್ಬಿಯಲ್ಲಿ ಟೆನ್ ಮತ್ತು ಜಿಎನ್‌ಡಿ ಪಿನ್‌ಗಳ ನಡುವೆ ವೈರ್ ಹಾಕಿ, ಐಡಲ್ 850ಕ್ಕೆ ತಂದು, ಟೈಮಿಂಗನ್ನು ಪುಸ್ತಕದ 10 ಡಿಗ್ರಿಗೇ ಕಟ್ಟಿದೆವು. ಕಂಪ್ರೆಷನ್ ನಾಲ್ಕರಲ್ಲೂ 177, 178 ಬಂತು. ವ್ಯಾಕ್ಯೂಮ್ 19 ಇಂಚು. ಆ ಸಂಜೆ ಗೆಳೆಯ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು, ಮಾಡು ತೆಗೆದು, ಊರ ಹೊರಗಿನ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 6500ರವರೆಗೆ ಎಳೆದ. ಪಕ್ಕದಲ್ಲಿ ಕೂತಿದ್ದ ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು.

ಏಪ್ರಿಲ್‌ನಲ್ಲಿ ಕಾರು ಹೊರಗೆ ತೆಗೆದಾಗ ಒಂದ್ಸಲ, 500 ಮೈಲಿ ಆದ ಮೇಲೆ ಇನ್ನೊಂದ್ಸಲ ಕೋಲು ಇಳಿಬಿಟ್ಟು ನೋಡಿದೆವು. ಎರಡು ಸಲವೂ ಸೊನ್ನೆಗೆ ಸೊನ್ನೆ. ಬೋಲ್ಟಿನ ತಲೆಯಿಂದ ಪುಲ್ಲಿಯವರೆಗೆ ಎಳೆದ ಬಿಳಿ ಪೇಂಟಿನ ಗೆರೆ ಮುರಿದಿಲ್ಲ. ಆ ಬೋಲ್ಟಿಗೆ ಮತ್ತೆ ರೆಂಚ್ ಹಾಕಿ ಬಿಗಿ ನೋಡಲು ಹೋಗುವುದಿಲ್ಲ, ಅಂಟು ಬಿಟ್ಟುಕೊಂಡರೆ ಕಷ್ಟ.

ಈ ಕಾರು ಮುಂದೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಬಾನೆಟ್ ಒಳಗೆ, ರೇಡಿಯೇಟರ್ ಮೇಲಿನ ಪಟ್ಟಿಯ ಮೇಲೆ ಗೆಳೆಯ ಇಂಗ್ಲಿಷ್‌ನಲ್ಲಿ ಒಂದು ಚೀಟಿ ಬರೆದು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾನೆ: ಗಿಡ್ಡ ಮೂಗಿನ ಕ್ರ್ಯಾಂಕ್, 660 ಹಾಕಿದೆ, ಹಲ್ಲುಚಕ್ರ ಕೀಳುವ ಮೊದಲು ಬಿಸಿ ಮಾಡಿ. ಕೆಳಗೆ ಬೋಲ್ಟಿನ ಟಾರ್ಕ್ ಮತ್ತು ತಾರೀಖು.